ಪ್ರವಾಸಿಯ ಗಂಟಿನಲ್ಲಿ ಸೊಳ್ಳೆಪರದೆ

ಪರಸ್ಥಳಕ್ಕೆ ಹೊರಡುವ ನಮ್ಮ ಸೀಮೆಯ ಒಕ್ಕಲಿಗನು ಗಂಟಿನಲ್ಲಿ ಏನೇನು ಕಟ್ಟಿಕೊಳ್ಳುವನೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಖಡಕ ರೊಟ್ಟಿ, ಶೇಂಗಾದ ಹಿಂಡಿ, ಹಾಸಲು ಜಮಖಾನೆ, ಹೊದೆಯಲು ಕಂಬಳಿ ಇಲ್ಲವೆ ಕೌದಿ, ನೀರಿಗೊಂದು ತಂಬಿಗೆ, ಚಕ್ಕಡಿಯಲ್ಲಿ ಹೊರಟರೆ ಎತ್ತುಗಳಿಗೆ ಕಣಿಕೆ, ಟ್ರ್ಯಾಕ್ಟರಿನಲ್ಲಿ ಹೊರಟರೆ ಡೀಜೆಲ್ಲಿನ ಡಬ್ಬಿ. ಇಷ್ಟನ್ನೂ ನೆನಪಿಟ್ಟು ಕಟ್ಟುವ ಮನೆಯವರು ಸೊಳ್ಳೆಪರದೆಯನ್ನು ಮಾತ್ರ ಮನೆಯ ಗೂಟಕ್ಕೇ ಬಿಟ್ಟು ಹೋಗುತ್ತಾರೆ. ಮನೆಯಲ್ಲಾದರೆ ಗೋಡೆಯುಂಟು, ಕಿಟಕಿಗೆ ಜಾಳಿಗೆಯುಂಟು, ಮೇಲೆ ಬೀಸಣಿಗೆಯ ಗಾಳಿಯುಂಟು. ಇವೊಂದೂ ಇಲ್ಲದ ಕಡೆಗೆ, ಅಂದರೆ ಗುಡಿಯ ಪೌಳಿಗೆ, ಧರ್ಮಶಾಲೆಯ ಕಟ್ಟೆಗೆ, ಹೊಳೆಯ ದಂಡೆಗೆ, ಕಾರ್ಖಾನೆಯ ಅಂಗಳಕ್ಕೆ ಹೋಗುವಾಗ ಪರದೆಯನ್ನು ಬಿಟ್ಟುಹೋಗುವುದು ಮಳೆಗಾಲದಲ್ಲಿ ಕೊಡೆಯನ್ನು ಮನೆಯಲ್ಲಿಟ್ಟು ಹೊರಟಂತೆಯೇ ಸರಿ.

ಈ ಕಡೆಯ ಆಡುಮಾತಿನಲ್ಲಿ ಗುಂಗಾಡವೆಂದು ಕರೆಯುವ ಈ ಅಲ್ಪ ಪ್ರಾಣಿಯ ಕಡಿತವು ಒಂದು ರಾತ್ರಿಯ ನಿದ್ದೆಗೇಡೆಂದು ತಳ್ಳಿಬಿಡತಕ್ಕದ್ದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಚಳಿಜ್ವರವು, ಅಂದರೆ ಮಲೇರಿಯಾ, ಹಿಂದಿನ ಕಾಲಕ್ಕೆ ಹೋಲಿಸಿದರೆ ಈಗ ವಿರಳವಾಗಿದೆ. ವಿರಳವಾದುದರಿಂದಲೇ ಎಚ್ಚರಿಕೆ ಹೆಚ್ಚು ಬೇಕು. ಊರಲ್ಲಿಲ್ಲದ ಜ್ವರವು ಊರಿಗೆ ಬರುವುದು ಮನುಷ್ಯನ ಮೈಯಲ್ಲಿ ಕುಳಿತುಕೊಂಡೇ. ಗೋವೆಗೆ, ಮಂಗಳೂರಿಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆಂದು ಹೋದವನು ಅಲ್ಲಿ ಕಡಿಸಿಕೊಂಡು ಹಬ್ಬಕ್ಕೆ ಊರಿಗೆ ಬರುವನು. ಇಲ್ಲಿ ಅವನು ಮಲಗಿರುವಾಗ ಊರ ಸೊಳ್ಳೆಯು ಅವನ ರಕ್ತವನ್ನು ಹೀರುವುದು. ಹತ್ತು ಹದಿನೈದು ದಿವಸಗಳಲ್ಲಿ ರೋಗದ ಅಣುಜೀವಿಯು ಆ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಅದರ ಜೊಲ್ಲಿಗೆ ಬರುವುದು. ಆಮೇಲೆ ನೆರೆಮನೆಯವನು, ಎಂದೂ ಊರು ಬಿಟ್ಟು ಹೋಗದವನು, ಚಳಿ ಹಿಡಿದು ಮಲಗುವನು. ಹಿಡಕಲ್ ಜಲಾಶಯದ ಕಾಲುವೆಗಳಿಂದಲೂ ಕೃಷ್ಣೆಯ ಏತ ನೀರಾವರಿಯಿಂದಲೂ ನೀರುಂಡು ಬೆಳೆದ ನಮ್ಮ ಭೂಮಿಯಲ್ಲಿ ಮಲೇರಿಯಾ ಹರಡತಕ್ಕ ಜಾತಿಯ ಸೊಳ್ಳೆಗೆ ಕೊರತೆಯಿಲ್ಲ. ಕೊರತೆಯಿರುವುದು ರೋಗದ ಬೀಜಕ್ಕೆ ಮಾತ್ರ. ಆ ಬೀಜವನ್ನು ತರುವವನು ಪ್ರವಾಸಿ.

ಸೊಳ್ಳೆಗೂ ಚಳಿಜ್ವರಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದ ಸರ್ ರೊನಾಲ್ಡ ರಾಸ್ ಎಂಬ ವೈದ್ಯರು 1897ರ ಆಗಸ್ಟ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ರೋಗದ ಜೀವಿಯನ್ನು ಕಂಡರು. ಅದೇ ವರ್ಷ ಕೆಲವು ತಿಂಗಳ ಹಿಂದೆ ಅವರು ನೀಲಗಿರಿಯ ಸೀಗೂರು ಘಾಟಿಗೆ ಜ್ವರದ ಪರೀಕ್ಷೆಗೆಂದೇ ಹೋಗಿ, ಅಲ್ಲಿ ತಾವೇ ಚಳಿಜ್ವರಕ್ಕೆ ಗುರಿಯಾಗಿದ್ದರು. ಸೊಳ್ಳೆಯ ಮೇಲೆ ಸಂಶಯವಿಟ್ಟುಕೊಂಡು ತಿರುಗುತ್ತಿದ್ದ ಪಂಡಿತರಿಗೇ ಪ್ರವಾಸದಲ್ಲಿ ಹೀಗಾದ ಮೇಲೆ, ಜಾತ್ರೆಯ ಗದ್ದಲದಲ್ಲಿ ಮೈಮರೆತು ಮಲಗುವ ನಮ್ಮವರ ಪಾಡನ್ನು ಹೇಳತಕ್ಕದ್ದೇನು?

ಘಟ್ಟದ ಸೀಮೆಯ ಕಥೆಯು ನಮಗೆ ಇನ್ನೂ ಹತ್ತಿರದ್ದು. ಖಾನಾಪುರ, ಹಳಿಯಾಳ, ಸೂಪಾಗಳ ಕಡೆಯ ಕಾಡಿನ ಝರಿಗಳಲ್ಲಿ ಹುಟ್ಟುವ ಸೊಳ್ಳೆಯು ಮಲೆನಾಡಿನಲ್ಲಿ ಚಳಿಜ್ವರವನ್ನು ಮನೆಮಾತಾಗಿಸಿತ್ತು. 1946ರಿಂದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಅಂದಿನ ಮುಂಬಯಿ ಪ್ರಾಂತದ ಉತ್ತರ ಕನ್ನಡ ಹಾಗೂ ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಜ್ವರವು ಬಹುಮಟ್ಟಿಗೆ ಇಳಿಯಿತು. ಆ ಅನುಭವವು 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಯೋಜನೆಗೆ ದಾರಿ ತೋರಿಸಿತು. ಸ್ವಾತಂತ್ರ್ಯದ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತೆಂದೂ ಎಂಟು ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆಯು ಒಂದು ಲಕ್ಷಕ್ಕೆ ಇಳಿದಿತ್ತು. ಜನರು ನಿಶ್ಚಿಂತರಾದರು. 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತು. ಹೋದ ಜ್ವರವು ತಿರುಗಿ ಬರಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸೊಳ್ಳೆಗಳೆಲ್ಲವೂ ಒಂದೇ ಸಮಯದಲ್ಲಿ ಕಡಿಯುವುದಿಲ್ಲ. ಮಲೇರಿಯಾದ ಸೊಳ್ಳೆಯು ಕತ್ತಲಾದ ಮೇಲೆ ಹೊರಟು ಬೆಳಗಿನ ಜಾವದವರೆಗೆ ಕಡಿಯುವುದು. ಗೋಡೆಯ ಮೇಲೆ ಕುಳಿತಾಗ ಬಾಲವನ್ನು ಮೇಲೆತ್ತಿ ಓರೆಯಾಗಿ ನಿಲ್ಲುವುದರಿಂದ ಅದನ್ನು ಗುರುತಿಸಬಹುದು. ಕೊಳಚೆ ನೀರಿನಲ್ಲಿ ಹುಟ್ಟುವ, ಆನೆಕಾಲು ರೋಗವನ್ನು ಹರಡುವ ಸೊಳ್ಳೆಯೂ ರಾತ್ರಿಯದೇ. ಡೆಂಗೀ ಮತ್ತು ಚಿಕೂನ್‌ಗುನ್ಯಾ ಜ್ವರಗಳ ಸೊಳ್ಳೆಯು ಮಾತ್ರ ಹಗಲಿನ ಕಳ್ಳ. ಕರಿಯ ಮೈ, ಕಾಲುಗಳ ಮೇಲೆ ಬಿಳಿಯ ಪಟ್ಟೆ. ಹೊತ್ತು ಏರುವಾಗ ಮತ್ತು ಹೊತ್ತು ಇಳಿಯುವಾಗ ಅದರ ಕಾಟ ಹೆಚ್ಚು. ಅದು ಹುಟ್ಟುವುದು ಗಟಾರದಲ್ಲಲ್ಲ, ನಾವು ಕುಡಿಯಲೆಂದು ತುಂಬಿಟ್ಟ ಶುದ್ಧ ನೀರಿನ ಹರವಿ, ಟಾಕಿ, ಒಡೆದ ಟಾಯರುಗಳಲ್ಲಿ. 2006ರಲ್ಲಿ ದೇಶದಲ್ಲಿ ಹದಿಮೂರು ಲಕ್ಷಕ್ಕೆ ಮೀರಿ ಜನರು ಚಿಕೂನ್‌ಗುನ್ಯಾದ ಶಂಕಿತ ರೋಗಿಗಳಾದಾಗ ಅವರಲ್ಲಿ ಅರ್ಧಕ್ಕೂ ಹೆಚ್ಚು ಜನರು ಕರ್ನಾಟಕದವರೇ ಆಗಿದ್ದರು. ಕೀಲುಗಳು ಹಿಡಿದು ತಿಂಗಳುಗಟ್ಟಲೆ ಕುಡಗೋಲು ಹಿಡಿಯಲಾರದೆ ಕುಳಿತವರನ್ನು ಅಂದು ಕಂಡವರು ಈಗಲೂ ಇದ್ದಾರೆ. ಡೆಂಗೀ ಜ್ವರವನ್ನು ರಾಜ್ಯ ಸರಕಾರವು 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಸಾರಿತು.

ಆದಕಾರಣ ಪ್ರವಾಸಿಯು ಹಗಲಿಗೊಂದು, ರಾತ್ರಿಗೊಂದು ಹೀಗೆ ಎರಡು ಬಗೆಯ ರಕ್ಷಣೆಯನ್ನು ಯೋಚಿಸತಕ್ಕದ್ದು. ರಾತ್ರಿಯದನ್ನೇ ಮೊದಲು ಹೇಳುವೆವು, ಏಕೆಂದರೆ ಅದು ಪೂರ್ಣವಾಗಿ ನಮ್ಮ ಕೈಯಲ್ಲಿದೆ.

ಪೇಟೆಯಲ್ಲಿ ಮಚ್ಚರದಾನಿ ಎಂದು ಮಾರುವ ಪರದೆಯು ಹೊಸ ವಸ್ತುವೇನೂ ಅಲ್ಲ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಈಜಿಪ್ತ ದೇಶವನ್ನು ಕುರಿತು ಬರೆದ ಹೆರೊಡೋಟಸನೆಂಬ ಗ್ರೀಕ ಇತಿಹಾಸಕಾರನು, ಅಲ್ಲಿಯ ಜವುಗು ಸೀಮೆಯ ಜನರು ಹಗಲು ಮೀನು ಹಿಡಿದ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿಕೊಂಡು ಮಲಗುವರೆಂದು ಹೇಳಿದ್ದಾನೆ. ನಮ್ಮವರಿಗೆ ಬೇಕಾದದ್ದು ಅದಕ್ಕಿಂತ ಸಣ್ಣ ಕಣ್ಣಿನ ಬಟ್ಟೆ. ಒಂದು ಚದರ ಅಂಗುಲಕ್ಕೆ ಸುಮಾರು ನೂರೈವತ್ತು ರಂಧ್ರಗಳಿದ್ದರೆ ಸೊಳ್ಳೆ ಒಳಗೆ ನುಸುಳದು, ಗಾಳಿಯೂ ಆಡುವುದು. ಕೊಳ್ಳುವಾಗ ಅಂಗಡಿಯವನ ಮಾತನ್ನು ನಂಬದೆ ಬಟ್ಟೆಯನ್ನು ಬೆಳಕಿಗೆ ಹಿಡಿದು, ಹೊಲಿಗೆ ಬಿಟ್ಟಿದೆಯೇ ನೋಡಿ ಕೊಳ್ಳಬೇಕು. ಕೀಟನಾಶಕವನ್ನು ನೂಲಿನಲ್ಲೇ ಸೇರಿಸಿದ ಪರದೆಗಳು ಇನ್ನೂ ಉತ್ತಮ. ಅವುಗಳ ಗುಣವು ಸುಮಾರು ಇಪ್ಪತ್ತು ಸಲ ತೊಳೆದರೂ ಉಳಿಯುವುದು. ಅಂಥವುಗಳನ್ನು ಬಿಸಿಲಿನಲ್ಲಿ ಒಣಗಿಸದೆ ನೆರಳಿನಲ್ಲಿ ಒಣಗಿಸಬೇಕು; ತೊಳೆದ ನೀರನ್ನು ಮೀನಿರುವ ಹಳ್ಳಕ್ಕಾಗಲಿ ದನದ ದೋಣಿಗಾಗಲಿ ಚೆಲ್ಲಕೂಡದು.

ಕಟ್ಟಲು ಜಾಗವಿಲ್ಲವೆಂಬುದು ಸಾಮಾನ್ಯವಾಗಿ ಕೇಳಿಬರುವ ನೆವ. ಚಕ್ಕಡಿಗೆ ನಾಲ್ಕು ಗೂಟಗಳಿವೆ. ಗೂಟಕ್ಕೊಂದು ಬಿದಿರ ಗಳವನ್ನು ಬಿಗಿದರೆ ಪರದೆಯ ನಾಲ್ಕು ಮೂಲೆಗಳೂ ನಿಂತವು. ಟ್ರ್ಯಾಕ್ಟರಿನ ಟ್ರೇಲರಿಗೂ ಇದೇ ಉಪಾಯ. ನೆಲದ ಮೇಲೆ ಮಲಗುವವರು ಎರಡು ಗಿಡಗಳ ನಡುವೆ ಒಂದು ಹಗ್ಗವನ್ನೆಳೆದು ಅದರ ಮೇಲೆ ಪರದೆಯನ್ನು ಡೇರೆಯಂತೆ ಇಳಿಬಿಡಬಹುದು. ಒಂದೇ ಕೊಂಡಿಗೆ ತೂಗುವ ಛತ್ರಿಯಾಕಾರದ ಪರದೆಯು ಧರ್ಮಶಾಲೆಯ ಮೊಳೆಗೆ ಸಾಕು. ಹೇಗೆ ಕಟ್ಟಿದರೂ ಅಂಚುಗಳನ್ನು ಸುತ್ತಲೂ ಜಮಖಾನೆಯ ಕೆಳಗೆ ಮಡಚಿ ತುರುಕಲೇಬೇಕು. ತುರುಕದೆ ಇಳಿಬಿಟ್ಟ ಪರದೆಯೊಳಗೆ ಹೊಕ್ಕ ಸೊಳ್ಳೆಯು ಬೆಳಗಿನ ತನಕ ಉಂಡು ಮಲಗುವುದು. ಕೈಕಾಲುಗಳು ಪರದೆಗೆ ತಾಗಿಕೊಂಡಿದ್ದರೆ ಹೊರಗಿನಿಂದಲೇ ಸೂಜಿ ಚುಚ್ಚುವುದು. ಆದಕಾರಣ ಪರದೆಯು ಹಾಸಿಗೆಗಿಂತ ಅಗಲವಾಗಿರಬೇಕು. ಕತ್ತಲಾಗುವ ಮೊದಲೇ ಅದನ್ನು ಇಳಿಸಿಡುವುದು ಲೇಸು.

ಕೌದಿಯನ್ನು ತಲೆಯತನಕ ಹೊದ್ದುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಮಾಘದ ಚಳಿಯಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಭರತ ಹುಣ್ಣಿಮೆಯ ಸುಮಾರಿಗೆ ಹೋದವರಿಗೆ ಅದು ಒಂದಿಷ್ಟು ನಡೆಯಬಹುದು. ಆಷಾಢದಲ್ಲಿ ಪಂಢರಪುರಕ್ಕೆ ದಿಂಡಿಯೊಡನೆ ನಡೆಯುವವರಿಗೆ, ತೊಯ್ದ ನೆಲ, ಬೆವರಿದ ಮೈ, ಬಿಸಿಯಾದ ಗಾಳಿಯಲ್ಲಿ ಮುಖ ಮುಚ್ಚಿ ಮಲಗುವುದು ಆಗದ ಮಾತು. ತೆಳುವಾದ ಧೋತರದ ಮೇಲಿಂದಲೂ ಸೊಳ್ಳೆ ಕಡಿಯಬಲ್ಲದು. ದಣಿದು ಬಂದ ಎತ್ತುಗಳ ಮಗ್ಗುಲಲ್ಲೇ ಮಲಗುವ ರೂಢಿಯನ್ನೂ ಬಿಡುವುದು ಮೇಲು. ಕಾಲುವೆಯ ಸೀಮೆಯ ಮಲೇರಿಯಾ ಸೊಳ್ಳೆಗೆ ದನದ ರಕ್ತವು ಬಹಳ ಪ್ರಿಯ, ಎತ್ತಿಗೆಂದು ಬಂದದ್ದು ಎತ್ತಿನವನನ್ನೂ ಬಿಡುವುದಿಲ್ಲ. ಕಳ್ಳರ ಭಯದಿಂದ ಹತ್ತಿರ ಮಲಗಲೇಬೇಕಾದಲ್ಲಿ ಪರದೆಯೊಳಗೆ ಮಲಗಬೇಕು.

ಹಗಲಿನ ಮಾತಿಗೆ ಬರೋಣ. ಬಿಳಿಯ ಧೋತರ, ತೋಳು ತುಂಬಿದ ಬಿಳಿಯ ಅಂಗಿ, ತಲೆಗೆ ಪಟಕಾ ಅಥವಾ ಟೊಪ್ಪಿಗೆ ಇವು ನಮ್ಮ ಹಿರಿಯರ ಉಡುಪು. ಸೊಳ್ಳೆಯ ದೃಷ್ಟಿಯಿಂದಲೂ ಇದಕ್ಕಿಂತ ಒಳ್ಳೆಯ ಉಡುಪಿಲ್ಲ, ಕರಿಯ ಬಣ್ಣಕ್ಕೆ ಅದು ಹೆಚ್ಚಾಗಿ ಬರುವುದರಿಂದ. ಅಥಣಿಯ ಚಪ್ಪಲಿಗಳು 2019ರಲ್ಲಿ ಕೊಲ್ಹಾಪುರಿ ಹೆಸರಿನ ಭೌಗೋಳಿಕ ಮನ್ನಣೆಯಲ್ಲಿ ಪಾಲು ಪಡೆದಿವೆ, ಅವುಗಳ ಗಟ್ಟಿತನವನ್ನು ಹೊಗಳಬೇಕಾದದ್ದಿಲ್ಲ. ಆದರೆ ಅವು ಪಾದದ ಮೇಲ್ಭಾಗವನ್ನೂ ಹಿಮ್ಮಡಿಯನ್ನೂ ಬಯಲಿಗೆ ಬಿಡುತ್ತವೆ, ಹಗಲಿನ ಸೊಳ್ಳೆಯೂ ಅಲ್ಲಿಯೇ ಕಡಿಯುವುದು. ಬಸ್ಸಿನ ನಿಲ್ದಾಣದಲ್ಲಿಯೂ ಕಚೇರಿಯ ಬೆಂಚಿನ ಕೆಳಗೂ ಕಾಲಿಗೆ ಲೇಪ ಹಚ್ಚಿಕೊಂಡಿರುವುದು ಆದಕಾರಣ ಅವಶ್ಯ.

ಲೇಪಗಳಲ್ಲಿ ಡೀಟ್ ಎಂಬ ದ್ರವ್ಯವು 1946ರಲ್ಲಿ ಅಮೆರಿಕದ ಸೈನಿಕರಿಗಾಗಿ ಸಿದ್ಧಪಡಿಸಿದ್ದು. ಇಂದಿಗೂ ಪರೀಕ್ಷೆಗೆ ನಿಂತದ್ದು. ನೂರಕ್ಕೆ 20ರಿಂದ 30 ಪಾಲು ಇದ್ದರೆ ಹಲವು ತಾಸು ಕಾಯುವುದು. ಕಣ್ಣು, ಬಾಯಿ, ಗಾಯಗಳಿಗೆ ಸೋಕಿಸಬಾರದು. ಮಕ್ಕಳ ಅಂಗೈಗೆ ಹಚ್ಚಬಾರದು, ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಲೇಬಾರದು. ಬೇವಿನೆಣ್ಣೆಯ ಮಾತನ್ನು ನಮ್ಮವರು ಮೊದಲಿನಿಂದ ಆಡುತ್ತ ಬಂದಿದ್ದಾರೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎರಡು ಪಾಲು ಬೇವಿನೆಣ್ಣೆ ಕಲಸಿ ಹಚ್ಚಿದರೆ ಮಲೇರಿಯಾ ಜಾತಿಯ ಸೊಳ್ಳೆಗಳು ರಾತ್ರಿಯೆಲ್ಲ ಕಡಿಯಲಿಲ್ಲವೆಂದು ಭಾರತದ ಮಲೇರಿಯಾ ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ಬೇರೆ ಕಡೆಯ ಪರೀಕ್ಷೆಗಳಲ್ಲಿ ಇಷ್ಟು ಗುಣ ಕಂಡುಬಂದಿಲ್ಲ. ಆದುದರಿಂದ ಏನೂ ಸಿಗದಲ್ಲಿ ಬೇವು ಒಳ್ಳೆಯದು, ಪರದೆಯನ್ನು ಬಿಟ್ಟು ಬೇವನ್ನೇ ನಂಬುವುದು ಒಳ್ಳೆಯದಲ್ಲ ಎಂದು ನಮ್ಮ ಅಭಿಪ್ರಾಯ.

ನಿಪ್ಪಾಣಿಯ ಕಡೆಯ ತಂಬಾಕಿನ ಬೆಳೆಗಾರರಿಗೆ ಒಂದು ಮಾತು. ತಂಬಾಕಿನ ಕಷಾಯವು ಬೆಳೆಯ ಹೇನನ್ನು ಕೊಲ್ಲುವುದೆಂದು ತಿಳಿದವರು ಅದನ್ನು ಮೈಗೆ ಹಚ್ಚಿಕೊಳ್ಳುವ ಸಾಹಸ ಮಾಡಕೂಡದು. ಅದರ ವಿಷವು ಚರ್ಮದ ಮೂಲಕವೇ ರಕ್ತಕ್ಕಿಳಿಯುವುದು. ತೊಯ್ದ ಎಲೆಗಳನ್ನು ಕೀಳುವಾಗ ತಲೆ ಸುತ್ತಿ ವಾಂತಿಯಾಗುವುದು ಇದರಿಂದಲೇ. ಬೀಡಿಯ ಹೊಗೆಯಿಂದ ಸೊಳ್ಳೆ ಓಡುವುದೆಂಬುದು ಬೀಡಿ ಸೇದುವವರ ಮಾತು. ಮುಚ್ಚಿದ ಕೋಣೆಯಲ್ಲಿ ಸುಡುವ ಸೊಳ್ಳೆಬತ್ತಿಯ ಸುರುಳಿಯೂ ನಿರಪಾಯಕರವಲ್ಲ: ಒಂದು ಸುರುಳಿಯ ಹೊಗೆಯಲ್ಲಿಯ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟಕ್ಕೆ ಸಮವೆಂದು 2003ರಲ್ಲಿ ಲೆಕ್ಕ ಹಾಕಿದ್ದಾರೆ. ಬಯಲಿನಲ್ಲಿ, ಗಾಳಿಯ ಮೇಲ್ಮಗ್ಗುಲಿಗೆ ಇಟ್ಟರೆ ಒಂದಿಷ್ಟು ಉಪಯೋಗವುಂಟು. ಸೆರೆ ಕುಡಿದು ಮಲಗಿದರೆ ಕಡಿತ ತಿಳಿಯದೆಂಬುದು ನಿಜ, ಆದರೆ ಕಡಿತ ತಪ್ಪದು. ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಜೋಳದ ಮದ್ಯ ಕುಡಿದವರ ಕಡೆಗೆ ಮಲೇರಿಯಾದ ಸೊಳ್ಳೆಗಳು ಹೆಚ್ಚಾಗಿ ಬಂದವು.

ಇದುವರೆಗೆ ಹೇಳಿದ್ದು ತಾವೇ ಪ್ರವಾಸ ಮಾಡುವವರಿಗೆ. ಜಮೀನುದಾರರ ಹೊಣೆಯು ಬೇರೊಂದಿದೆ. ದೀಪಾವಳಿಯ ಸುಮಾರಿಗೆ ಕಬ್ಬಿನ ಕಾರ್ಖಾನೆಗಳು ಹೊಗೆ ಬಿಡಲಾರಂಭಿಸಿದೊಡನೆ ಬೀಡ ಜಿಲ್ಲೆಯಿಂದಲೂ ವಿಜಯಪುರದ ಕಡೆಯಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಹೆಂಡಿರುಮಕ್ಕಳು, ಎತ್ತು, ಪಾತ್ರೆ ಸಹಿತ ನಮ್ಮ ಹೊಲಗಳಿಗೆ ಬಂದಿಳಿಯುತ್ತವೆ. ನಾಲ್ಕೈದು ತಿಂಗಳು ಅವರ ಮನೆಯೆಂದರೆ ಕಾಲುವೆಯ ಬದಿಯ ರವದಿಯ ಗುಡಿಸಲು. ಬಾಗಿಲಿಲ್ಲ, ಕಿಟಕಿಯಿಲ್ಲ, ಮಗ್ಗುಲಲ್ಲಿ ನಿಂತ ನೀರು, ಎದುರಿಗೆ ಎತ್ತುಗಳು. ಸೊಳ್ಳೆಗೆ ಬೇಕಾದದ್ದೆಲ್ಲವೂ ಅಲ್ಲಿದೆ. ಗಂಡಹೆಂಡಿರ ಜೋಡಿಗೆ ಒಂದು ಕೋಯತಾ ಎಂದು ಲೆಕ್ಕ. ಇಬ್ಬರಲ್ಲಿ ಒಬ್ಬರು ಜ್ವರದಿಂದ ಮಲಗಿದರೆ ಕೋಯತಾ ನಿಂತಂತೆಯೇ, ಮುಂಗಡದ ಸಾಲ ಬೆಳೆದಂತೆಯೇ, ತುರಾಯಿಗೆ ಬಂದ ಕಬ್ಬು ಹೊಲದಲ್ಲಿ ಒಣಗಿದಂತೆಯೇ. ಬಸುರಿಗೆ ಮಲೇರಿಯಾ ಬಂದರೆ ತಾಯಿಗೂ ಹೊಟ್ಟೆಯ ಕೂಸಿಗೂ ಪ್ರಾಣದ ಅಪಾಯ. ಗ್ಯಾಂಗಿನ ಮುಕಾದಮನು ಪರದೆ ತಂದಿರುವನೆಂದು ಹೊಲದ ಒಡೆಯನೂ, ಹೊಲದ ಒಡೆಯನು ಕೊಡುವನೆಂದು ಮುಕಾದಮನೂ ಸುಮ್ಮನಿರುವುದನ್ನು ಕಾಣುತ್ತೇವೆ. ಗುಡಿಸಲಿಗೊಂದು ಪರದೆಯ ಬೆಲೆಯು ಒಂದು ಟನ್ನು ಕಬ್ಬಿನ ಬೆಲೆಗಿಂತ ಬಹಳ ಕಡಿಮೆ. ಕಾಲುವೆಯ ದಂಡೆಯನ್ನು ಬಿಟ್ಟು ದಿನ್ನೆಯ ಮೇಲೆ ಗುಡಿಸಲಿಗೆ ಜಾಗ ಕೊಡುವುದಕ್ಕೆ ಬೆಲೆಯೇ ಇಲ್ಲ. ತಾಯಂದಿರು ಕಬ್ಬು ಕಡಿಯುವಾಗ ಗಿಡದ ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುವರು. ಅದರ ಮೇಲೊಂದು ಗಜ ಜಾಳಿಗೆಯ ಬಟ್ಟೆಯನ್ನು ಹೊದಿಸಿದರೆ ಹಗಲಿನ ಸೊಳ್ಳೆಯಿಂದಲೂ ನೊಣಗಳಿಂದಲೂ ಕೂಸು ಪಾರಾಗುವುದು.

ನಮ್ಮ ಕಬ್ಬನ್ನು ಹೊತ್ತು ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುವ ಟ್ರ್ಯಾಕ್ಟರಿನ ಚಾಲಕರೂ ಪ್ರವಾಸಿಗಳೇ. ಎರಡೆರಡು ರಾತ್ರಿ ಟ್ರೇಲರಿನ ಕೆಳಗೆ ಮಲಗುವ ಆ ಹುಡುಗರ ಸೀಟಿನ ಹಿಂದೆ ಒಂದು ಪರದೆಯನ್ನು ಇಟ್ಟುಕೊಡುವುದು ಒಡೆಯನಿಗೆ ಭಾರವಾಗದು.

ಊರ ಹಿರಿಯರಿಗೆ ಜಾತ್ರೆಯ ಹೊಣೆಯೂ ನೆರೆಯ ಹೊಣೆಯೂ ಇವೆ. ಜಾತ್ರೆಗೆ ಎಂಟು ದಿನ ಮೊದಲೇ ಧರ್ಮಶಾಲೆಯ, ಮಠದ, ಶಾಲೆಯ ಟಾಕಿಗಳನ್ನು ಬರಿದು ಮಾಡಿ ತಿಕ್ಕಿ ಒಣಗಿಸಿ ತುಂಬಿಸಬೇಕು, ಏಕೆಂದರೆ ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಯಾತ್ರಿಕರು ಇಳಿಯುವ ಪೌಳಿಯ ಗೋಡೆಗೆ ಎರಡು ಮೊಳಕ್ಕೊಂದರಂತೆ ಮೊಳೆ ಹೊಡೆಸಿಟ್ಟರೆ ಪರದೆ ತಂದವರಿಗೆ ಕಟ್ಟಲು ಅನುಕೂಲ. ಇದಕ್ಕೆ ಪಂಚಾಯತಿಯ ಠರಾವು ಸಹ ಬೇಕಾಗಲಾರದು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಈ ಐದೂ ತಾಲೂಕುಗಳ ಹೊಳೆದಂಡೆಯ ಜನರು ಉಟ್ಟ ಬಟ್ಟೆಯಲ್ಲಿ ಕಾಳಜಿ ಕೇಂದ್ರಗಳನ್ನು ಸೇರಿದರು. 2021ರ ಜುಲೈದಲ್ಲಿಯೂ ಹಾಗೆಯೇ ಆಯಿತು. ಬೇಡದೆ ಬಂದ ಪ್ರವಾಸವದು. ಅಕ್ಕಿ, ಬೇಳೆ, ಹೊದಿಕೆಗಳ ಯಾದಿಯನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳುವ ಗ್ರಾಮಗಳು ಆ ಯಾದಿಯಲ್ಲಿ ಪರದೆಗಳನ್ನೂ ಸೇರಿಸಿ, ಮೃಗಶಿರ ಮಳೆಗೆ ಮೊದಲೇ ಶಾಲೆಯ ಕೋಣೆಯಲ್ಲಿ ಕಟ್ಟಿಡುವುದು ಉಚಿತ. ನೆರೆ ಇಳಿದ ಮೇಲೆ ತಗ್ಗುಗಳಲ್ಲಿ ನಿಂತ ನೀರು ಸೊಳ್ಳೆಯ ತೊಟ್ಟಿಲಾಗುವ ಹೊತ್ತಿಗೆ ಜನರು ಇನ್ನೂ ಅಲ್ಲಿಯೇ ಇರುವರೆಂಬುದನ್ನು ಮರೆಯಬಾರದು.

ಪ್ರವಾಸದಿಂದ ಬಂದವನಿಗೆ ಜ್ವರ ಬಂದರೆ ಮಾಡತಕ್ಕದ್ದಿಷ್ಟು. ಡೆಂಗೀ ಜ್ವರವು ಕಡಿತವಾಗಿ ನಾಲ್ಕರಿಂದ ಹತ್ತು ದಿನಗಳಲ್ಲಿ, ಮಲೇರಿಯಾ ಒಂದು ವಾರದಿಂದ ಒಂದು ತಿಂಗಳೊಳಗೆ ಕಾಣಿಸುವುದು; ಮಲೇರಿಯಾದ ಒಂದು ಜಾತಿಯು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೆ ಮರುಕಳಿಸುವುದೂ ಉಂಟು. ಆದಕಾರಣ ವೈದ್ಯರು ಕೇಳದಿದ್ದರೂ ಎಲ್ಲಿಗೆ, ಯಾವಾಗ ಹೋಗಿದ್ದೆನೆಂಬುದನ್ನು ರೋಗಿಯೇ ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆಗೂ ಔಷಧಕ್ಕೂ ಹಣ ಬೇಡ. ಊರ ಆಶಾ ಕಾರ್ಯಕರ್ತೆಗೆ ತಿಳಿಸಿದರೂ ರಕ್ತಪರೀಕ್ಷೆಯ ಏರ್ಪಾಡಾಗುವುದು. ಮರುಕಳಿಸುವ ಜಾತಿಗೆ ವೈದ್ಯರು ಹದಿನಾಲ್ಕು ದಿನದ ಗುಳಿಗೆ ಬರೆದುಕೊಟ್ಟರೆ, ಮೂರನೆಯ ದಿನ ಮೈ ಹಗುರಾಯಿತೆಂದು ನಿಲ್ಲಿಸದೆ ಹದಿನಾಲ್ಕೂ ದಿನ ನುಂಗಬೇಕು. ಡೆಂಗೀಯ ಸಂಶಯವಿದ್ದಲ್ಲಿ ಮೈಕೈನೋವಿಗೆಂದು ಅಂಗಡಿಯಿಂದ ಆಸ್ಪಿರಿನ್ ಮೊದಲಾದ ಗುಳಿಗೆ ತಂದು ಕೊಡಕೂಡದು, ಅದರಿಂದ ರಕ್ತಸ್ರಾವ ಹೆಚ್ಚುವುದು. ಜ್ವರ ಇಳಿಯುವ ಹೊತ್ತಿನಲ್ಲಿಯೇ ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಗಾಡಿ ಮಾಡಿ ತಾಲೂಕಿನ ಆಸ್ಪತ್ರೆಗೆ ಒಯ್ಯಬೇಕು. ಜ್ವರವಿರುವ ದಿನಗಳಲ್ಲಿ ರೋಗಿಯು ಹಗಲೂ ರಾತ್ರಿಯೂ ಪರದೆಯೊಳಗೇ ಮಲಗತಕ್ಕದ್ದು. ಊರ ಸೊಳ್ಳೆಯು ಅವನನ್ನು ಮುಟ್ಟದಂತೆ.